ಸಿನಿಮಾ, ಸೀರಿಯಲ್ ಹೆಂಗಿದೆ ಅಂತ ಕೇಳಿದವರಿಗೆ ಹೇಳೋದು ಹೇಗೆ

ವಿಜಯಪುರದಲ್ಲಿ ಶುಕ್ರವಾರ ಮ್ಯಾಟಿನಿ ಬಿಟ್ಟ ತಕ್ಷಣ ಫೋನ್ ಶುರುವಾಗುತ್ತೆ. "ಪಿಚ್ಚರ್ ಹೆಂಗೈತಿ?" ನಾವು ಹೇಳೋದು ಎರಡೇ: "ಭಾರಿ ಐತಿ", ಇಲ್ಲಾ "ಅಷ್ಟಕ್ಕಷ್ಟ". ಕೇಳಿದವರಿಗೆ ಇದರಿಂದ ಏನೂ ಉಪಯೋಗ ಇಲ್ಲ. ಅವರು ಟಿಕೆಟ್, ಪಾರ್ಕಿಂಗ್, ಪಾಪ್‌ಕಾರ್ನ್ ಅಂತ ದುಡ್ಡು ಹಾಕಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗೋರು. ಅವರಿಗೆ ನೆರವಾಗುವ ಹಾಗೆ ಹೇಳೋದನ್ನ ಕಲಿಯಬಹುದು, ಕಷ್ಟ ಏನಿಲ್ಲ.

ಮೊದಲು ನೀವೇ ಒಂದು ಪ್ರಶ್ನೆ ಕೇಳಿ: ಯಾರ ಜೊತೆ ಹೋಗ್ತೀರಿ? ಗೆಳೆಯರ ಜೊತೆಗಾದರೆ ಒಂದು ಉತ್ತರ, ಸಣ್ಣ ಮಕ್ಕಳು ಇದ್ದರೆ ಇನ್ನೊಂದು. 2024ರಿಂದ ಸೆನ್ಸಾರ್ ಸರ್ಟಿಫಿಕೇಟ್‌ನಲ್ಲಿ ಯುಎ 7+, 13+, 16+ ಅಂತ ಬೇರೆ ಬೇರೆ ಮಾಡಿದ್ದಾರೆ. ಅದನ್ನ ನೋಡಿ ಹೇಳಿ. ಆದರೆ ಬರೀ ಸರ್ಟಿಫಿಕೇಟ್ ಸಾಲಲ್ಲ. ರಕ್ತ ಎಷ್ಟಿದೆ, ಮಗು ಹೆದರುವಂಥ ಸೀನ್ ಇಂಟರ್ವಲ್‌ಗೆ ಮೊದಲು ಬರುತ್ತಾ ಆಮೇಲೆ ಬರುತ್ತಾ, ಇಷ್ಟು ಹೇಳಿದರೆ ಅಪ್ಪ ಅಮ್ಮ ಏನು ಮಾಡಬೇಕು ಅಂತ ತಾವೇ ನೋಡಿಕೊಳ್ತಾರೆ.

ಕಥೆ ಹೇಳುವಾಗ ಮೊದಲ ಅರ್ಧ ಗಂಟೆ ದಾಟಬೇಡಿ. 2014ರ 'ದೃಶ್ಯ' ಸಿನಿಮಾವನ್ನೇ ತಗೊಳ್ಳಿ. "ಜಾಸ್ತಿ ಓದದ ಒಬ್ಬ ಕೇಬಲ್ ಆಪರೇಟರ್, ಸಿನಿಮಾ ಅಂದ್ರೆ ಹುಚ್ಚು, ಅವನ ಮನೆಯವರು ಪೊಲೀಸರ ಕಣ್ಣಿಗೆ ಬೀಳ್ತಾರೆ, ಅವರನ್ನ ಹೇಗೆ ಉಳಿಸಿಕೊಳ್ತಾನೆ ಅನ್ನೋದು ಕಥೆ." ಇಷ್ಟು ಸಾಕು. ಇದಕ್ಕಿಂತ ಒಂದು ಮಾತು ಜಾಸ್ತಿ ಹೇಳಿದರೂ ನೋಡುವವರ ಖುಷಿ ಕಸಿದುಕೊಂಡ ಹಾಗೆ. ಮಲಯಾಳಂನ ಮೂಲ 2013ರಲ್ಲೇ ಬಂದಿತ್ತು, ಅದನ್ನ ನೋಡಿದವರಿಗೂ ಕನ್ನಡದ್ದು ಹಿಡಿಸಿತು. ಗುಟ್ಟು ಗೊತ್ತಿದ್ದೂ ಎರಡನೇ ಸಲ ಕೂರಿಸುತ್ತಲ್ಲ, ನನ್ನ ಲೆಕ್ಕದಲ್ಲಿ ಅದೇ ಗಟ್ಟಿ ಸಿನಿಮಾ.

ಇನ್ನು ನಾನು ಎಲ್ಲಕ್ಕಿಂತ ಜಾಸ್ತಿ ಗಮನ ಕೊಡೋದು ಮಾತಿಗೆ. ನೀವೂ ಕೊಡಿ. ಪಾತ್ರ ಯಾವ ಊರಿನದ್ದು ಅಂತ ಸಿನಿಮಾ ಹೇಳುತ್ತೋ ಆ ಊರಿನ ಮಾತು ಬಾಯಲ್ಲಿ ಇದೆಯಾ ಅಂತ ಕೇಳಿಸಿಕೊಳ್ಳಿ. 'ತಿಥಿ' ಮಂಡ್ಯ ಕಡೆಯ ಹಳ್ಳಿಯದ್ದು, ಅಲ್ಲಿನ ಜನರೇ ನಟಿಸಿದ್ದಾರೆ, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿನೂ ಬಂತು. ಆ ಮಾತು ನಮ್ಮ ಕಡೆಯದ್ದಲ್ಲ, ಶುರುವಿನಲ್ಲಿ ಸ್ವಲ್ಪ ಕಿವಿ ಕೊಟ್ಟು ಕೇಳಬೇಕು, ಆದರೂ ಎಲ್ಲೂ ಸುಳ್ಳು ಅನಿಸಲ್ಲ. ನಮ್ಮ ಕಡೆಯ ಮಾತಿಗೆ ನಾನು ಯಾವಾಗಲೂ ಹೇಳೋದು 1997ರ ನಾಗಮಂಡಲ. ಕಾರ್ನಾಡರ ನಾಟಕ, ನಾಗಾಭರಣ ಅವರ ನಿರ್ದೇಶನ, ಅಶ್ವಥ್ ಅವರ ಸಂಗೀತ. ಅಲ್ಲಿ ಉತ್ತರ ಕರ್ನಾಟಕದ ಕನ್ನಡದಲ್ಲಿ ಪ್ರೀತಿನೂ ಇದೆ, ಸಿಟ್ಟೂ ಇದೆ, ಭಯನೂ ಇದೆ. ಈಗ ಬರುವ ಎಷ್ಟೋ ಸಿನಿಮಾಗಳಲ್ಲಿ ನಮ್ಮ ಮಾತು ಬರೋದು ನಗಿಸೋಕೆ ಮಾತ್ರ. ಹೀರೋನ ಗೆಳೆಯ, ಇಲ್ಲಾ ಕಾನ್‌ಸ್ಟೆಬಲ್, ಇಲ್ಲಾ ಅಡುಗೆಯವನು. ಅವನು ಬಾಯಿ ತೆಗೆದರೆ ಸಾಕು, ಹಿಂದೆ ಕಾಮಿಡಿ ಮ್ಯೂಸಿಕ್. ಅದನ್ನ ಕಂಡಾಗ ಸುಮ್ನೆ ಬಿಡಬೇಡಿ, ಸಿನಿಮಾ ಎಷ್ಟೇ ಚೆನ್ನಾಗಿದ್ದರೂ ಇದೊಂದು ಕೊರತೆ ಅಂತ ಬಾಯಿಬಿಟ್ಟು ಹೇಳಿ.

ಬಟ್ಟೆಯನ್ನೂ ಹಾಗೇ ನೋಡಿ. ಬಾಗಲಕೋಟೆ ಕಡೆಯವರಿಗೆ ಇದು ಒಂದೇ ನೋಟಕ್ಕೆ ತಿಳಿಯುತ್ತೆ. ಇಳಕಲ್ ಸೀರೆ ಅಂತ ಉಡಿಸಿರುತ್ತಾರೆ, ಸೆರಗು ತೋರಿಸುವಾಗ ಕೆಂಪು ರೇಷ್ಮೆಯ ಮೇಲೆ ಬಿಳಿ ತೋಪು ತೆನೆ ವಿನ್ಯಾಸ ಇರಬೇಕಾದ ಕಡೆ ಬರೀ ಜರಿ ಹೊಳೆಯುತ್ತೆ. ಕುಪ್ಪಸ ಗುಳೇದಗುಡ್ಡದ ಖಣದ ಬಟ್ಟೆಯದ್ದೇ ಅಲ್ಲ. ಇಷ್ಟು ಸಣ್ಣದನ್ನೇ ನೋಡಿಕೊಳ್ಳದವರು ಆ ಮನೆಯ ಜಗಳವನ್ನ, ಸಂಕಟವನ್ನ ಹೇಗೆ ತೋರಿಸಿಯಾರು?

ಬೆಳಗಾವಿಯವರಿಗೆ ಇನ್ನೊಂದು ಅನುಕೂಲ ಇದೆ. ಮರಾಠಿಯೂ ಬರುತ್ತೆ, ಹಾಗಾಗಿ ಮೂಲ ಮತ್ತು ರಿಮೇಕ್ ಎರಡನ್ನೂ ನೋಡಿ ಹೇಳಬಹುದು. 2016ರ ಸೈರಾಟ್ ಸೋಲಾಪುರ ಕಡೆಯ ಕಥೆ, ವಿಜಯಪುರಕ್ಕೆ ಅದು ಪಕ್ಕದ ಜಿಲ್ಲೆ. ಮರುವರ್ಷ ಕನ್ನಡದಲ್ಲಿ ಮನಸು ಮಲ್ಲಿಗೆ ಬಂತು, ನಾಯಕಿ ರಿಂಕು ರಾಜಗುರು ಅವರೇ. ಆ ಹುಡುಗಿ ಚೆನ್ನಾಗೇ ಮಾಡಿದ್ದಾರೆ, ಆದರೆ ಮೂಲದಲ್ಲಿದ್ದ ಮಣ್ಣಿನ ವಾಸನೆ ನನಗೆ ಕನ್ನಡದಲ್ಲಿ ಸಿಗಲಿಲ್ಲ. ಇಂಥ ಕಡೆ "ರಿಮೇಕ್ ಅಲ್ವಾ, ಬಿಡಿ" ಅಂತ ಒಂದೇ ಮಾತಲ್ಲಿ ಮುಗಿಸಬೇಡಿ. ಯಾವ ಸೀನ್ ಸಪ್ಪೆ ಆಯ್ತು ಅಂತ ಹೆಸರಿಟ್ಟು ಹೇಳಿ.

ಸೀರಿಯಲ್‌ಗೆ ಲೆಕ್ಕ ಬೇರೆ. ಒಂದು ಎಪಿಸೋಡ್ ನೋಡಿ ತೀರ್ಮಾನ ಮಾಡಬೇಡಿ. ಸೋಮವಾರ ನೋಡಿ, ನಡುವಿನ ಮೂರು ದಿನ ಬಿಡಿ, ಶುಕ್ರವಾರ ನೋಡಿ. ಏನೂ ತಪ್ಪಿಸಿಕೊಂಡ ಹಾಗೆ ಅನಿಸದಿದ್ದರೆ ಕಥೆಯನ್ನ ರಬ್ಬರ್ ಹಾಗೆ ಎಳೀತಿದ್ದಾರೆ ಅಂತ ಅರ್ಥ. 'ಜೊತೆ ಜೊತೆಯಲಿ' ಸೀರಿಯಲ್ ಶುರುವಾದಾಗ ನಮ್ಮನೇಲಿ ಯಾರೂ ಎದ್ದು ಹೋಗ್ತಿರಲಿಲ್ಲ. ಅದರ ಮರಾಠಿ ಮೂಲ, ತುಲಾ ಪಾಹತೆ ರೇ, ಒಂದು ವರ್ಷದೊಳಗೆ ಮುಗಿದಿತ್ತು. ಕನ್ನಡದ್ದು 2019ರಿಂದ 2023ರ ತನಕ ನಡೀತು. ಮೊದಲ ವರ್ಷದ ಬಿಗಿ ಕೊನೆಗೆ ಉಳಿಯಲಿಲ್ಲ, ನಾನಂತೂ ಯಾರಿಗಾದರೂ ಹೇಳುವಾಗ ಶುರುವಿನ ಭಾಗ ಮಾತ್ರ ನೋಡಿ ಅಂತೀನಿ. ಟಿಆರ್‌ಪಿ ಜಾಸ್ತಿ ಅಂತ ಯಾರಾದರೂ ವಾದಕ್ಕೆ ಬಂದರೆ ಇಷ್ಟು ಹೇಳಿ: ಅದು ಮೀಟರ್ ಇಟ್ಟ ಒಂದಿಷ್ಟು ಮನೆಗಳಲ್ಲಿ ಯಾವ ಚಾನೆಲ್ ಓಡುತ್ತಿತ್ತು ಅನ್ನುವ ಲೆಕ್ಕ, ಕಥೆ ಚೆನ್ನಾಗಿದೆಯಾ ಅನ್ನೋದಕ್ಕೆ ಕೊಟ್ಟ ಮಾರ್ಕ್ಸ್ ಅಲ್ಲ.

ರಿಯಾಲಿಟಿ ಶೋ ಬಗ್ಗೆ ಜಾಸ್ತಿ ಹೇಳಲ್ಲ. ಹಾವೇರಿ ಕಡೆಯ ಹನುಮಂತ ಅವರು ವೈಲ್ಡ್ ಕಾರ್ಡ್‌ನಲ್ಲಿ ಬಂದು 2025ರ ಜನವರಿಯಲ್ಲಿ ಬಿಗ್ ಬಾಸ್ ಗೆದ್ದಾಗ ನನಗೆ ಹಬ್ಬದಷ್ಟು ಖುಷಿ. ಆದರೆ ನಮ್ಮ ಕಡೆಯವರು ಅನ್ನುವ ಖುಷಿ ಬೇರೆ, ಶೋ ಹೇಗಿತ್ತು ಅನ್ನೋದು ಬೇರೆ. ಕೇಳಿದವರಿಗೆ ಎರಡನ್ನೂ ಬೇರೆ ಬೇರೆ ಹೇಳಿ.

ಅಭಿಮಾನಿಗಳ ಜೊತೆ ಮಾತಾಡುವಾಗ ನಟನ ತಂಟೆಗೆ ಹೋಗಬೇಡಿ, ಸೀನ್ ಬಗ್ಗೆ ಮಾತಾಡಿ. "ಅವನಿಗೆ ನಟನೆ ಬರಲ್ಲ" ಅಂದರೆ ಜಗಳ. "ಆಸ್ಪತ್ರೆ ಸೀನ್‌ನಲ್ಲಿ ಅಳು ನನಗೆ ತಟ್ಟಲಿಲ್ಲ" ಅಂದರೆ ಅವರೂ ಆ ಸೀನ್ ನೆನಪು ಮಾಡಿಕೊಂಡು ಮಾತಾಡ್ತಾರೆ.

ಕೊನೆಗೆ, ಟಾಕೀಸಿಗೇ ಹೋಗಬೇಕಾ, ಮನೇಲಿ ನೋಡಿದರೆ ನಡೆಯುತ್ತಾ ಅನ್ನೋದನ್ನ ಮರೀದೆ ಹೇಳಿ. 2022ರ ಕಾಂತಾರದ ಕೊನೆಯ ಇಪ್ಪತ್ತು ನಿಮಿಷಕ್ಕೆ ದೊಡ್ಡ ಪರದೆ, ದೊಡ್ಡ ಸೌಂಡ್ ಬೇಕೇ ಬೇಕು. ತಿಥಿಗೆ ಮನೆಯ ಟಿವಿ ಸಾಕು. ಸಿಂದಗಿ, ಇಂಡಿ, ಮುದ್ದೇಬಿಹಾಳ ಕಡೆಯಿಂದ ಬರುವವರು ಕೇಳಿದರೆ ಸಿನಿಮಾ ಎಷ್ಟು ಹೊತ್ತು ಅಂತಲೂ ಹೇಳಿ. ಕೆಜಿಎಫ್ ಚಾಪ್ಟರ್ 2ರ ಹಾಗೆ 168 ನಿಮಿಷ ಇದ್ದರೆ, ಇಂಟರ್ವಲ್, ಜಾಹೀರಾತು ಸೇರಿ ಮೂರು ಗಂಟೆ ದಾಟುತ್ತೆ. ಫಸ್ಟ್ ಶೋಗೆ ಹೋದರೆ ವಾಪಸ್ ಬಸ್ ಸಿಗುತ್ತಾ ಅಂತ ಮೊದಲೇ ನೋಡಿಕೊಳ್ಳಿ ಅನ್ನಿ, ಇಲ್ಲಾ ಮ್ಯಾಟಿನಿಗೇ ಬನ್ನಿ ಅನ್ನಿ.