ಧಾಲ್ಸಿಮ್ ಕೈ ಮಾಡಲು ಹೋಗಿ

"ಧಾಲ್ಸಿಮ್ ವೇಷ ಹಾಕ್ತೀನಿ" ಅಂದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಯಾವ ಪ್ರಸಂಗದ್ದೋ ಅದು?"

ಅಮ್ಮನ ತಪ್ಪೇನಿಲ್ಲ. ನಾವು ಶಿವಮೊಗ್ಗ ಕಡೆಯವರು. ಗಂಡಸು ಬಣ್ಣ ಹಚ್ಚಿ ವೇಷ ಕಟ್ಟುತ್ತಾನೆ ಅಂದರೆ ನಮ್ಮಲ್ಲಿ ಅದು ಯಕ್ಷಗಾನವೇ. ಇದು ವಿಡಿಯೋ ಗೇಮಿನ ಪಾತ್ರ, ಕಾಮಿಕ್ಸ್, ಗೇಮ್ ಅಭಿಮಾನಿಗಳು ಸೇರುವ ಬೆಂಗಳೂರಿನ ಕಾಮಿಕ್ ಕಾನ್‌ಗೆ ಹೀಗೆ ವೇಷ ಹಾಕಿಕೊಂಡು ತುಂಬಾ ಜನ ಬರುತ್ತಾರೆ ಎಂದು ವಿವರಿಸಿದೆ. "ನಲವತ್ತು ದಾಟಿದವರೂ ಬರ್ತಾರಾ?" ಅಂದರು. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಧಾಲ್ಸಿಮ್ ಇರುವ ಹೊಡೆದಾಟದ ಆಟ ಸ್ಟ್ರೀಟ್ ಫೈಟರ್ 2 ನನಗೆ ಸಿಕ್ಕಿದ್ದು ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಕತ್ತಲೆ ವಿಡಿಯೋ ಗೇಮ್ ಪಾರ್ಲರಿನಲ್ಲಿ. ಜಪಾನಿನ ಕ್ಯಾಪ್‌ಕಾಮ್ ಈ ಆಟವನ್ನು ತಂದದ್ದು 1991ರಲ್ಲಿ. ನಮ್ಮೂರಿಗೆ ಬರುವಷ್ಟರಲ್ಲಿ ಎರಡು ಮೂರು ವರ್ಷ ಹಳೆಯದಾಗಿತ್ತು, ಎಡಗಡೆಯ ಕೋಲು ಸಡಿಲಾಗಿತ್ತು. ರ್‍ಯೂ ಎಂಬ ಪಾತ್ರ ಅಂಗೈಯಿಂದ ನೀಲಿ ಬೆಂಕಿ ಎಸೆಯುವಾಗ ಕೂಗುವುದು "ಹಡೋಕೆನ್". ನಮಗೆ ಕೇಳುತ್ತಿದ್ದದ್ದು "ಅದಕ್ಕೇ!" ಯಾಕೋ ಹೊಡೆದೆ? ಅದಕ್ಕೇ! ತುಂಬಾ ವರ್ಷ ಅದು ಕನ್ನಡವೇ ಅಂದುಕೊಂಡಿದ್ದೆ.

ಆಯ್ಕೆಗೆ ಎಂಟು ಜನ ಇದ್ದರು. ನಮ್ಮ ಗುಂಪಿನಲ್ಲಿ ಎಲ್ಲರಿಗೂ ರ್‍ಯೂ ಇಲ್ಲವೇ ಕೆನ್ ಬೇಕು. ನಾನು ಚಿಕ್ಕವನು, ಮಿಕ್ಕಿದ್ದನ್ನು ತೆಗೆದುಕೊಳ್ಳಬೇಕಿತ್ತು. ಹಾಗೆ ನನ್ನ ಪಾಲಿಗೆ ಬಂದವನು ಇಂಡಿಯಾದ ಧಾಲ್ಸಿಮ್. ಬೋಳು ತಲೆ, ಅದರ ಮೇಲೆ ಕೆಂಪು ಪಟ್ಟೆ, ಕೊರಳಲ್ಲಿ ತಲೆಬುರುಡೆ, ಹರಿದ ಹಳದಿ ಚಡ್ಡಿ. ನಿಂತಲ್ಲಿಂದಲೇ ಕೈಯನ್ನು ರಬ್ಬರಿನಂತೆ ಚಾಚಿ ಗುದ್ದುತ್ತಾನೆ. ಬಾಯಿಂದ ಬೆಂಕಿ ಉಗುಳುತ್ತಾನೆ. ಅವನ ಅಂಗಳದಲ್ಲಿ ಆನೆಗಳು ಸಾಲಾಗಿ ನಿಂತು ಘೀಳಿಡುತ್ತವೆ. ನಮ್ಮೂರಿನ ಪಕ್ಕದಲ್ಲೇ ಸಕ್ರೆಬೈಲು ಆನೆ ಬಿಡಾರ ಇರುವುದರಿಂದ ನನಗೆ ಆನೆಗಳ ಬಗ್ಗೆ ಏನೂ ಅನ್ನಿಸಲಿಲ್ಲ. ಆ ಕೈ ಮಾತ್ರ ಬಿಡಲಿಲ್ಲ.

ಹೋದ ವರ್ಷ ವೇಷ ಮಾಡಲು ಕೂತಾಗ ಮೊದಲ ಪ್ರಶ್ನೆ ಎದ್ದದ್ದು ಕೂದಲಿನದು. 2016ರ ಸ್ಟ್ರೀಟ್ ಫೈಟರ್ 5ರಲ್ಲಿ ಧಾಲ್ಸಿಮ್‌ಗೆ ಉದ್ದ ಗಡ್ಡ, ತಲೆಗೆ ರುಮಾಲು ಬಂದಿದೆ. ಅದನ್ನು ಆರಿಸಿದ್ದರೆ ಕೆಲಸ ಸಲೀಸು. ಆದರೆ ನನ್ನವನು ಬೋಳು ತಲೆಯವನು. ಪುಣ್ಯಕ್ಕೆ ತಿರುಪತಿಗೆ ಮುಡಿ ಕೊಡುವ ಹರಕೆಯೊಂದು ನಾಲ್ಕು ವರ್ಷದಿಂದ ಬಾಕಿ ಇತ್ತು. ಹೋಗಿ ಬಂದೆವು. ಅಮ್ಮನಿಗೆ ಖುಷಿ, ನನಗೂ ಖುಷಿ. ಕಾರಣ ಬೇರೆ ಬೇರೆ, ಅಷ್ಟೆ.

ಆಮೇಲೆ ತಲೆಬುರುಡೆ. ಮೂರು ಬೇಕು. ಆಟದ ಸಾಮಾನಿನ ಪ್ಲಾಸ್ಟಿಕ್ ಬುರುಡೆ ತಂದು ನೋಡಿದೆ. ಹಲ್ಲು ಕಿರಿದುಕೊಂಡು ನಗುತ್ತಿದ್ದವು, ಸರಿಬರಲಿಲ್ಲ. ಜೇಡಿಮಣ್ಣಿನಲ್ಲಿ ಮಾಡಿದರೆ ಕೊರಳಿಗೆ ಭಾರ. ಕೊನೆಗೆ ದಾರಿ ಹೇಳಿದ್ದು ಅಮ್ಮನೇ. ಹಿಂದೆ ಮನೆಗಳಲ್ಲಿ ರದ್ದಿ ಕಾಗದ ನೆನೆಸಿ, ಮೆಂತ್ಯದ ಜೊತೆ ರುಬ್ಬಿ ಬುಟ್ಟಿ, ಮೊರಗಳಿಗೆ ಮೆತ್ತುತ್ತಿದ್ದರಲ್ಲ, ಅದೇ ಹದ. ಮೆಂತ್ಯ ಅಂಟಿನ ಕೆಲಸ ಮಾಡುತ್ತದೆ. ಕಹಿಗೆ ಹುಳವೂ ಬರುವುದಿಲ್ಲ ಎಂದು ಅಮ್ಮನ ಮಾತು. ಎರಡು ದಿನ ನೆನೆಸಿದ ಕಾಗದವನ್ನು ಚೆನ್ನಾಗಿ ಹಿಂಡಿ, ಮೆಂತ್ಯದ ಹಿಟ್ಟು ಬೆರೆಸಿ, ಥರ್ಮಕೋಲ್ ಉಂಡೆಯ ಮೇಲೆ ತೆಳ್ಳಗೆ ಮೆತ್ತಿದೆ. ಒಂದೇ ಸಲ ದಪ್ಪ ಮೆತ್ತಿದ ಮೊದಲನೆಯದು ಒಣಗುವಾಗ ಬಾಯ್ಬಿಟ್ಟಿತು. ಮೂರು ಸಲ ತೆಳ್ಳಗೆ ಮೆತ್ತಿ, ನಡುವೆ ಒಂದೊಂದು ದಿನ ಬಿಸಿಲಿಗಿಟ್ಟರೆ ನಿಲ್ಲುತ್ತದೆ. ಕಣ್ಣಿನ ಗುಳಿಗೆ ಹೆಬ್ಬೆರಳು ಒತ್ತಿದರೆ ಸಾಕು. ಬಣ್ಣಕ್ಕೆ ಬಿಳಿಯ ಮೇಲೆ ಟೀ ಡಿಕಾಕ್ಷನ್.

ತಾರಸಿಯಲ್ಲಿ ಸಂಡಿಗೆಯ ಪಕ್ಕ ಮೂರು ತಲೆಬುರುಡೆ ಒಣಗುವುದನ್ನು ಕಂಡು ಅಮ್ಮ ತಮ್ಮ ಸಂಡಿಗೆಯನ್ನು ಆಚೆ ಮೂಲೆಗೆ ಎಳೆದುಕೊಂಡರು. "ಯಾರದೋ ಅದು ತಲೆ?" ಅಂತ ಕೇಳಿದರು. ಅವನ ಹಳ್ಳಿಗೆ ಪಿಡುಗು ಬಂದು ಸತ್ತ ಮಕ್ಕಳದ್ದು, ನೆನಪಿಗೆ ಹಾಕಿಕೊಂಡಿದ್ದಾನೆ, ಆ ಹಳ್ಳಿಗೆ ದುಡ್ಡು ಬೇಕು ಅಂತಲೇ ಹೊಡೆದಾಟಕ್ಕೆ ಬರುತ್ತಾನೆ, ಅವನಿಗೂ ದತ್ತ ಅಂತ ಒಬ್ಬ ಮಗ ಇದ್ದಾನೆ ಎಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಂಜೆ ಮಂಜು ಬೀಳತ್ತೆ, ಒಳಗೆ ತಂದಿಡು" ಅಂದರು.

ಈ ಪಾತ್ರದ ಬಗ್ಗೆ ನನಗೆ ಎರಡು ಮನಸ್ಸಿದೆ, ಹೇಳಿಬಿಡುತ್ತೇನೆ. ಯೋಗ ಮಾಡಿದವನು ಬೆಂಕಿ ಉಗುಳುತ್ತಾನೆ, ಬುರುಡೆ ಮಾಲೆ ಹಾಕುತ್ತಾನೆ, ಹಿಂದೆ ಆನೆ ಘೀಳಿಡುತ್ತದೆ: ದೂರದಿಂದ ನೋಡಿದವರ ಇಂಡಿಯಾ ಇದು. ಸಿಟ್ಟು ಬರಬೇಕು ಅಲ್ವಾ? ಆದರೆ ಆ ಆಟದಲ್ಲಿ ಎಲ್ಲ ದೇಶದವರದ್ದೂ ಇದೇ ಪಾಡು. ಬ್ರೆಜಿಲ್‌ನವನು ಹಸಿರು ಮೈಯ ಕಾಡುಮನುಷ್ಯ. ರಷ್ಯಾದವನು ಕರಡಿಯಂಥ ಪೈಲ್ವಾನ. ಜಪಾನಿನವರು ತಮ್ಮ ಸುಮೋ ಪೈಲ್ವಾನನನ್ನೂ ಬಿಟ್ಟಿಲ್ಲ, ಮುಖಕ್ಕೆ ಕಬುಕಿ ನಾಟಕದ ಬಣ್ಣ ಬಳಿದು ತಲೆಯಿಂದ ಗುದ್ದಲು ಹಾರಿಸಿದ್ದಾರೆ. ಅದೂ ಅಲ್ಲದೆ ಆಗಿನ ಪರದೆ ಅಗಲಕ್ಕೆ 384 ಚುಕ್ಕೆ, ಎತ್ತರಕ್ಕೆ 224. ಅಷ್ಟರಲ್ಲಿ ಒಬ್ಬನಿಂದ ಇನ್ನೊಬ್ಬನನ್ನು ಬೇರೆ ಮಾಡಬೇಕು. ನೆರಳು ನೋಡಿದರೂ ಇವನೇ ಅಂತ ಗೊತ್ತಾಗಬೇಕು. ಗೈಲ್‌ಗೆ ಪೊರಕೆಯಂಥ ಕೂದಲು, ಚುನ್-ಲಿಗೆ ಎರಡು ತುರುಬು ಮತ್ತು ದಪ್ಪ ತೊಡೆ, ಧಾಲ್ಸಿಮ್‌ಗೆ ಕಡ್ಡಿ ಮೈ, ಚಾಚುವ ಕೈ. ಪಾತ್ರಗಳ ಚಿತ್ರ ಬರೆದ, ಅಕಿಮಾನ್ ಎಂಬ ಅಡ್ಡಹೆಸರಿನ ಅಕಿರಾ ಯಾಸುದಾ ಮತ್ತು ಜೊತೆಯವರು ಈ ಕೆಲಸದಲ್ಲಿ ಗಟ್ಟಿಗರು.

ಇದೆಲ್ಲ ಗೊತ್ತಿದ್ದೂ ನಾನು ಮೂರು ವಾರ ಬುರುಡೆಗೆ ಕೊಟ್ಟು, ಕೈಗೆ ಉಳಿಸಿಕೊಂಡದ್ದು ಎರಡೇ ಸಂಜೆ.

ಕೈ ಮಾಡಿದ್ದು ಯೋಗ ಮ್ಯಾಟ್‌ನಿಂದ. ತಮಾಷೆಗಲ್ಲ, ಅಗ್ಗಕ್ಕೆ ಸಿಗುವ ಫೋಮ್ ಅಂದರೆ ಅದೇ. ಒಳಗೆ ಅರ್ಧ ಇಂಚಿನ ಪಿವಿಸಿ ಪೈಪು, ಮೂರೂವರೆ ಅಡಿ. ಅದರ ಸುತ್ತ ಮ್ಯಾಟ್ ಸುತ್ತಿ, ಚಪ್ಪಲಿ ರಿಪೇರಿಯವರ ಹಳದಿ ಅಂಟಿನಿಂದ ಕೂಡಿಸಿದೆ. ಈ ಅಂಟನ್ನು ಎರಡೂ ಕಡೆ ಹಚ್ಚಿ, ಹತ್ತು ನಿಮಿಷ ಕಾದು, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಹಸಿ ಇದ್ದಾಗಲೇ ಒತ್ತಿದರೆ ಜಾರುತ್ತದೆ. ಕಿಟಕಿ ತೆಗೆದಿಡಿ, ವಾಸನೆಗೆ ತಲೆ ಸುತ್ತುತ್ತದೆ. ಮುಷ್ಟಿಗೆ ಆರು ಪದರ ಮ್ಯಾಟ್ ಅಂಟಿಸಿ ಬ್ಲೇಡಿನಲ್ಲಿ ಕೆತ್ತಿದೆ. ಎಲ್ಲದರ ಮೇಲೆ ನನ್ನ ಮೈಬಣ್ಣಕ್ಕೆ ಹೊಂದುವ ಲೆಗ್ಗಿಂಗ್ಸ್‌ನ ಒಂದು ಕಾಲು ಎಳೆದು ತೊಡಿಸಿದೆ. ಪೈಪಿನ ತುದಿಯನ್ನು ನಾನು ಮುಷ್ಟಿಯಲ್ಲಿ ಹಿಡಿಯುವುದು. ಅಲ್ಲಿ ಕಾಣುವ ಜೋಡಣೆಯನ್ನು ಮುಚ್ಚಲು ಚಿನ್ನದ ಬಣ್ಣದ ಅಗಲ ಬಳೆ. ಅದೂ ಫೋಮೇ. ಫೋಮಿಗೆ ನೇರ ಸ್ಪ್ರೇ ಹೊಡೆದರೆ ಬಣ್ಣ ಹೀರಿಕೊಂಡು ಮಂಕಾಗುತ್ತದೆ. ಮೊದಲು ನೀರು ಬೆರೆಸಿದ ಬಿಳಿ ಫೆವಿಕಾಲ್ ಮೂರು ಸಲ ಬಳಿದು ಒಣಗಿಸಬೇಕು. ಚಡ್ಡಿ ಟೈಲರ್ ಹೊಲಿದದ್ದು, ಅಂಚನ್ನು ಇಟ್ಟಿಗೆಗೆ ಉಜ್ಜಿ ಹರಿದೆ. ಹೊಸ ಬಟ್ಟೆ ಹರಿದದ್ದಕ್ಕೆ ಬೈಸಿಕೊಂಡೆ.

ಉದ್ದ ಕೈಯನ್ನು ಯೋಗ ಮ್ಯಾಟಿನ ಚೀಲದಲ್ಲೇ ಹಾಕಿಕೊಂಡು ಮೆಟ್ರೋ ಹತ್ತಿ ವೈಟ್‌ಫೀಲ್ಡ್‌ಗೆ ಹೋದೆ. ಪಕ್ಕದ ಹಿರಿಯರೊಬ್ಬರು "ಯಾವ ಯೋಗ ಕ್ಲಾಸು ಸಾರ್?" ಎಂದು ವಿಚಾರಿಸಿದರು.

ತಲೆಯ ಕೆಂಪು ಪಟ್ಟೆಗೆ ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಿದ್ದು ದೊಡ್ಡ ತಪ್ಪು. ಒಂದು ಗಂಟೆಯಲ್ಲಿ ಬೆವರಿಗೆ ಇಳಿದು ತಲೆ ಒಡೆದವನ ಹಾಗೆ ಕಂಡೆ. ನಾಟಕದಲ್ಲಿ ಬಣ್ಣ ಹಚ್ಚಿ ಗೊತ್ತಿದ್ದ ಹುಡುಗಿಯೊಬ್ಬಳು ಒರೆಸಿ, ತನ್ನ ಡಬ್ಬಿಯ ಬಣ್ಣ ಹಚ್ಚಿ, ಮೇಲೆ ಪೌಡರ್ ತಟ್ಟಿದಳು. ಸಂಜೆವರೆಗೂ ಕದಲಲಿಲ್ಲ.

ಕೈ ಇನ್ನೂ ಚೀಲದಲ್ಲೇ ಇತ್ತು. ಬುರುಡೆ ಕಾಣುವಂತೆ ಎದೆಯುಬ್ಬಿಸಿ ಅರ್ಧ ಗಂಟೆ ಓಡಾಡಿದೆ. ಒಬ್ಬ ಹುಡುಗ ಅಘೋರಿ ಅಂದ. ಇನ್ನೊಬ್ಬರು ಸಿನಿಮಾ ಪ್ರಚಾರ ಇರಬೇಕು ಎಂದುಕೊಂಡರು. ಹುಡುಗರಿಗೆ ಧಾಲ್ಸಿಮ್ ಗೊತ್ತಿಲ್ಲದಿರುವುದು ಸಹಜ. ನನ್ನ ನಂತರದ ಪಾರ್ಲರುಗಳಲ್ಲಿ ಪ್ಲೇಸ್ಟೇಷನ್ ಬಂದು ಟೆಕ್ಕನ್ 3 ಎಂಬ ಇನ್ನೊಂದು ಹೊಡೆದಾಟದ ಆಟ ಆಳಿತು. ಈಗಿನವರಿಗೆ 2019ರ ಒಂದೇ ವರ್ಷದಲ್ಲಿ ಜಪಾನ್ ಮತ್ತು ಅಮೆರಿಕದ ಎರಡೂ ಇವೋ ಪಂದ್ಯಗಳಲ್ಲಿ (ಹೊಡೆದಾಟದ ಆಟಗಳ ದೊಡ್ಡ ಪಂದ್ಯಾವಳಿ) ಟೆಕ್ಕನ್ ಗೆದ್ದ ಲಾಹೋರಿನ ಅರ್ಸಲಾನ್ ಆಶ್ ಗೊತ್ತು.

ಚೀಲದಿಂದ ಕೈ ತೆಗೆದು ಸಿಕ್ಕಿಸಿಕೊಂಡೆ. ಒಂದು ಕಾಲು ಮಡಚಿ, ಬಗ್ಗಿ, ಮುಂದಕ್ಕೆ ಚಾಚಿದೆ. ಹತ್ತು ಹೆಜ್ಜೆ ಆಚೆಯಿಂದ ಒಬ್ಬರು "ಯೋಗ ಫೈರ್!" ಎಂದು ಕಿರುಚಿದರು. ಧಾಲ್ಸಿಮ್ ಬೆಂಕಿ ಉಗುಳುವಾಗ ಕೂಗುವುದು ಅದನ್ನೇ. ನನ್ನ ವಯಸ್ಸಿನವರೇ, ಹೆಗಲ ಮೇಲೆ ಮಗಳು. ಆಮೇಲೆ ಫೋಟೋಗೆ ಸಾಲು ನಿಂತರು. ಬುರುಡೆ ಬಗ್ಗೆ ಇಡೀ ದಿನ ಒಬ್ಬರೂ ಕೇಳಲಿಲ್ಲ.

ಆಟದಲ್ಲಿ ಧಾಲ್ಸಿಮ್‌ಗೆ ಒಂದು ಕಷ್ಟ ಇದೆ. ಕೈ ಚಾಚಿದರೆ ಆ ಚಾಚಿದ ಕೈಗೂ ಪೆಟ್ಟು ಬೀಳುತ್ತದೆ. ಎದುರಾಳಿ ಅವನ ಮೈವರೆಗೆ ಬರಬೇಕಿಲ್ಲ, ಮುಷ್ಟಿಗೆ ಹೊಡೆದರೂ ಸಾಕು. ಮಧ್ಯಾಹ್ನ ಕೆನ್ ವೇಷದ ಹುಡುಗನೊಬ್ಬ ಫೋಟೋಗೆಂದು ಎಗರಿ ಒದ್ದ. ಕಾಲು ನನ್ನಿಂದ ಮೂರಡಿ ದೂರದಲ್ಲಿತ್ತು. ಪೈಪು ಮಣಿಕಟ್ಟಿನ ಹತ್ತಿರ ಪಟ್ ಅಂತ ಮುರಿಯಿತು. ಅವನು ಗಾಬರಿಯಾಗಿ "ಸಾರಿ ಅಂಕಲ್" ಅಂದ. ನಾನು "ನೀನು ಸರಿಯಾಗೇ ಆಡಿದೀಯ" ಅಂದೆ, ಅವನಿಗೆ ಅರ್ಥವಾಗಲಿಲ್ಲ.

ಮುರಿದ ಕಡೆ ಒಳಗೆ ಬಿದಿರು ಕಡ್ಡಿ ತೂರಿಸಿ ಸರಿ ಮಾಡಿದ್ದೇನೆ. ಮುಂದಿನ ಸಲ ಮೊದಲೇ ಬಿದಿರು ಹಾಕಬೇಕು, ಪೈಪಿಗಿಂತ ಬಾಗುತ್ತದೆ. ಈಗ ಆ ಕೈ ಬಾಗಿಲ ಹಿಂದಿದೆ. ಮೊನ್ನೆ ನೋಡಿದರೆ ಮುಷ್ಟಿಗೆ ಹಳೇ ಬಟ್ಟೆ ಕಟ್ಟಿಕೊಂಡು ಅಮ್ಮ ಅದರಲ್ಲಿ ಅಟ್ಟದ ಮೂಲೆಯ ಜೇಡರ ಬಲೆ ತೆಗೆಯುತ್ತಿದ್ದರು.