ಶಿಫಾರಸು ಪತ್ರಕ್ಕೆ ನಾನು ಯಾರನ್ನು ಕೇಳಿದೆ, ಯಾರನ್ನು ಕೇಳಲಿಲ್ಲ

ಅಮೆರಿಕದಲ್ಲಿ ಮೆಡಿಕಲ್ ಸ್ಕೂಲಿಗೆ ಅರ್ಜಿ ಹಾಕುವ ಹುಡುಗ ಹುಡುಗಿಯರು ನನಗೆ ಆಗಾಗ ಫೋನ್ ಮಾಡುತ್ತಾರೆ. ಮೊದಲ ಪ್ರಶ್ನೆ ಎಂಕ್ಯಾಟ್ ಪ್ರವೇಶ ಪರೀಕ್ಷೆಯ ಬಗ್ಗೆ, ಆಮೇಲೆ ಜಿಪಿಎ, ಅಂದರೆ ಕಾಲೇಜಿನ ಸರಾಸರಿ ಅಂಕದ ಬಗ್ಗೆ. ಪತ್ರದ ಮಾತು ಬರುವುದು ಫೋನ್ ಇಡುವ ಹೊತ್ತಿಗೆ: "ಅಕ್ಕಾ, ಲೆಟರ್ ಯಾರ ಹತ್ತಿರ ತಗೊಂಡ್ರೆ ಒಳ್ಳೇದು?" ನನ್ನ ಪ್ರಕಾರ ಅದೇ ಮೊದಲು ಬರಬೇಕು. ಅದೂ ಅರ್ಜಿ ಹಾಕುವ ಒಂದೆರಡು ವರ್ಷ ಮುಂಚೆ. ನಿಮ್ಮ ಅಂಕಗಳು ಅರ್ಜಿಯಲ್ಲಿ ಇದ್ದೇ ಇರುತ್ತವೆ. ನಿಮ್ಮ ಕಥೆಯನ್ನು ನೀವೇ ಬರೆದಿರುತ್ತೀರಿ. ನೀವು ಎಂಥವರು ಅಂತ ಇನ್ನೊಬ್ಬರು ಹೇಳುವ ಜಾಗ ಇದೊಂದೇ.

ನಾನು ಮೊದಲು ನೋಡಿದ್ದು ಯಾವ ಸ್ಕೂಲು ಏನು ಕೇಳುತ್ತದೆ ಅಂತ. ಎಎಎಂಸಿ ಅನ್ನುವ ಮೆಡಿಕಲ್ ಸ್ಕೂಲುಗಳ ಸಂಘದವರ ಎಂಎಸ್‌ಎಆರ್ ಅನ್ನುವ ಆನ್‌ಲೈನ್ ಮಾಹಿತಿ ಪಟ್ಟಿಯಲ್ಲಿ ಒಂದೊಂದು ಸ್ಕೂಲಿನ ನಿಯಮವೂ ಸಿಗುತ್ತದೆ. ಸೈನ್ಸ್ ಪ್ರೊಫೆಸರ್ ಇಬ್ಬರು, ಬೇರೆ ವಿಷಯದವರು ಒಬ್ಬರು ಅನ್ನುವುದು ಜಾಸ್ತಿ ಕಡೆ ಕಾಣುವ ಲೆಕ್ಕ. ಸೈನ್ಸ್ ಅಂದರೆ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್. ಗಣಿತವನ್ನು ಕೆಲವರು ಒಪ್ಪುತ್ತಾರೆ, ಕೆಲವರು ಇಲ್ಲ. ಬಹಳ ಸ್ಕೂಲುಗಳಿಗೆ ಒಟ್ಟಿಗೆ ಹಾಕುವ ಆಮ್‌ಕ್ಯಾಸ್ ಅರ್ಜಿಗೆ ಗರಿಷ್ಠ 10 ಪತ್ರ ಸೇರಿಸಬಹುದು, ಯಾವುದು ಯಾವ ಸ್ಕೂಲಿಗೆ ಅಂತ ನಾವೇ ಗುರುತು ಹಾಕಬೇಕು. ಟೆಕ್ಸಸ್ ಸ್ಕೂಲುಗಳ ಟಿಎಂಡಿಎಸ್‌ಎಎಸ್ ಅರ್ಜಿಯಲ್ಲಿ 3 ಬಿಡಿ ಪತ್ರ, ಇಲ್ಲವೇ ಕಾಲೇಜಿನ ಪ್ರೀಹೆಲ್ತ್ ಸಮಿತಿ (ಮೆಡಿಕಲ್ ಅರ್ಜಿ ಹಾಕುವವರಿಗೆ ನೆರವಾಗುವ ಸಮಿತಿ) ಕಳಿಸುವ ಪತ್ರಗಳ ಒಂದು ಕಟ್ಟು ಬೇಕು. ಡಿಒ, ಅಂದರೆ ಆಸ್ಟಿಯೋಪಥಿಕ್ ವೈದ್ಯ ಪದವಿ ಕೊಡುವ ಸ್ಕೂಲುಗಳಲ್ಲಿ ಡಿಒ ವೈದ್ಯರ ಪತ್ರ ಕೇಳುವುದೂ ಉಂಟು. 10ಕ್ಕೆ ಜಾಗ ಇದೆ ಅಂತ 10 ತುಂಬಿಸುವ ಆಸೆ ಬೇಡ. ಓದುವವರಿಗೆ ಒಂದೇ ಮಾತು ನಾಲ್ಕು ಸಲ ಓದಿದ ಹಾಗಾಗುತ್ತದೆ.

ಆಮೇಲೆ ಒಂದು ಹಾಳೆ ತೆಗೆದುಕೊಂಡೆ. ಎಡಗಡೆ ಮನಸ್ಸಿಗೆ ಬಂದ ಹೆಸರುಗಳನ್ನೆಲ್ಲ ಬರೆದೆ. ಬಲಗಡೆ, ಆ ವ್ಯಕ್ತಿ ಕಣ್ಣಾರೆ ಕಂಡ ನನ್ನ ಒಂದು ಕೆಲಸ. "ಕ್ಲಾಸಿನಲ್ಲಿ ಚೆನ್ನಾಗಿ ಓದುತ್ತಿದ್ದಳು" ಅಂಥದ್ದು ಲೆಕ್ಕಕ್ಕಿಲ್ಲ. ನಿಜವಾಗಿ ನಡೆದ ಒಂದು ಘಟನೆ ಬೇಕು. ಬಲಗಡೆ ಖಾಲಿ ಉಳಿದವರ ಹೆಸರನ್ನು, ಎಷ್ಟೇ ದೊಡ್ಡವರಾಗಿರಲಿ, ಹೊಡೆದು ಹಾಕಿದೆ.

ಮೊದಲು ಹೋದದ್ದು ಬಯಾಲಜಿ ಪ್ರೊಫೆಸರ್ ಹೆಸರು. ಅವರ ಕೋರ್ಸಿನಲ್ಲಿ ನನಗೆ ಎ ಬಂದಿತ್ತು. ಆದರೆ ಅದು ನೂರಾರು ಜನರ ಕ್ಲಾಸು, ನನ್ನ ಮುಖ ಅವರಿಗೆ ಗುರುತಿರಲಿಲ್ಲ. ಅವರು ಬರೆದರೂ ಏನು ಬರೆದಾರು? ಎ ತೆಗೆದಿದ್ದಾಳೆ ಅಂತ. ಅದು ಟ್ರಾನ್ಸ್‌ಕ್ರಿಪ್ಟಿನಲ್ಲೇ ಇದೆಯಲ್ಲ. ಆ ಜಾಗಕ್ಕೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಪ್ರೊಫೆಸರನ್ನು ಕೇಳಿದೆ. ಅವರ ಹತ್ತಿರ ನನಗೆ ಸಿಕ್ಕಿದ್ದು ಬಿ ಪ್ಲಸ್. ಗೆಳತಿಯರಿಗೆ ಆಶ್ಚರ್ಯ. ಆದರೆ ಆಫೀಸ್ ಅವರ್ಸ್‌ನಲ್ಲಿ, ಅಂದರೆ ವಿದ್ಯಾರ್ಥಿಗಳು ಬಂದು ಕೇಳಲು ಇಟ್ಟ ಹೊತ್ತಿನಲ್ಲಿ, ನಾನು ಅವರ ಬೋರ್ಡಿನ ಮುಂದೆ ನಿಂತು ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವ ಬಾಣಗಳನ್ನು ಬರೆದು, ಅಳಿಸಿ, ಮತ್ತೆ ಬರೆಯುವುದನ್ನು ವರ್ಷವಿಡೀ ಅವರು ನೋಡಿದ್ದರು. ಬಾಣ ಎಲ್ಲಿ ಹೊರಡುತ್ತದೆ ಅನ್ನುವುದು ಒಂದು ದಿನ ಇದ್ದಕ್ಕಿದ್ದಂತೆ ಹೊಳೆದು, ಪಕ್ಕದಲ್ಲಿ ಕಾಯುತ್ತಿದ್ದ ಇನ್ನೊಬ್ಬ ಹುಡುಗನಿಗೆ ನಾನೇ ಹೇಳಿಕೊಡಲು ಶುರು ಮಾಡಿದ್ದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಸುಮ್ನೆ ಕೇಳುತ್ತಾ ಕೂತಿದ್ದರು. ಇಂಥದ್ದನ್ನು ಕಂಡವರೇ ಬರೆಯಬೇಕು ಅಲ್ವಾ?

ಎರಡನೇ ಸೈನ್ಸ್ ಪತ್ರಕ್ಕೆ ಫಿಸಿಯಾಲಜಿಯ ಸಣ್ಣ ಸೆಮಿನಾರ್ ನಡೆಸುತ್ತಿದ್ದವರನ್ನು ಕೇಳಿದೆ. ಅಲ್ಲಿ ವಾರವಾರ ಪೇಪರ್ ಓದಿ ಚರ್ಚೆ ಮಾಡುತ್ತಿದ್ದೆವು. ಸೈನ್ಸ್ ಅಲ್ಲದ ಪತ್ರಕ್ಕೆ ಎಥಿಕ್ಸ್ ಪ್ರೊಫೆಸರ್. ನನ್ನ ಪ್ರಬಂಧವನ್ನು ಕೆಂಪು ಶಾಯಿಯಲ್ಲಿ ತುಂಬಿಸಿ ಕೊಡುತ್ತಿದ್ದರು, ನಾನು ತಿದ್ದಿ ಮತ್ತೆ ಒಯ್ಯುತ್ತಿದ್ದೆ. ಬೈಗುಳದಂಥ ಟಿಪ್ಪಣಿಯನ್ನು ಹೇಗೆ ತಗೊಳ್ಳುತ್ತೇನೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಲ್ಯಾಬಿನ ವಿಷಯ ಸ್ವಲ್ಪ ಸೂಕ್ಷ್ಮ. ಲ್ಯಾಬಿನ ಮುಖ್ಯಸ್ಥರದು ದೊಡ್ಡ ಹೆಸರು, ಆದರೆ ಅವರು ನನ್ನನ್ನು ನೋಡುತ್ತಿದ್ದುದು ಮೀಟಿಂಗಿನಲ್ಲಿ ಮಾತ್ರ. ದಿನಾ ಪಕ್ಕದ ಬೆಂಚಿನಲ್ಲಿ ಇರುತ್ತಿದ್ದವರು ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಮುಗಿಸಿದ ಸಂಶೋಧಕರು. ಒಂದು ಸಲ ವೆಸ್ಟರ್ನ್ ಬ್ಲಾಟ್ ಅನ್ನುವ ಪ್ರೋಟೀನ್ ಪರೀಕ್ಷೆಯಲ್ಲಿ ನಮಗೆ ಬೇಕಾದ ಬ್ಯಾಂಡ್ ಸೊಗಸಾಗಿ ಬಂದಿತ್ತು. ಆದರೆ ಏನೂ ಕಾಣಬಾರದ ನೆಗೆಟಿವ್ ಕಂಟ್ರೋಲ್ ಇದ್ದ ಲೇನಿನಲ್ಲೂ ತೆಳ್ಳಗೆ ಒಂದು ಗೆರೆ. ಮಾರನೇ ದಿನವೇ ಲ್ಯಾಬ್ ಮೀಟಿಂಗ್. ಆ ಗೆರೆ ಇರುವ ತನಕ ಈ ಫಲಿತಾಂಶ ತೋರಿಸುವುದು ಬೇಡ, ಮತ್ತೆ ಮಾಡೋಣ ಅಂದೆ. ರಾತ್ರಿ ಹೊತ್ತಾಗುವ ತನಕ ಇಬ್ಬರೂ ಕೂತು ಸ್ಯಾಂಪಲ್‌ಗಳನ್ನು ಮೊದಲಿಂದ ತಯಾರು ಮಾಡಿದೆವು. ಇದನ್ನು ಕಂಡವರು ಪೋಸ್ಟ್‌ಡಾಕ್, ಸಹಿಗೆ ತೂಕ ಇದ್ದದ್ದು ಮುಖ್ಯಸ್ಥರಿಗೆ. ಹಾಗಾಗಿ ಮುಖ್ಯಸ್ಥರನ್ನೇ ನೇರವಾಗಿ ಕೇಳಿದೆ: ಪೋಸ್ಟ್‌ಡಾಕ್ ವಿವರ ಬರೆದು, ನೀವು ನಿಮ್ಮ ಮಾತು ಸೇರಿಸಿ, ಇಬ್ಬರೂ ಸಹಿ ಹಾಕಬಹುದಾ ಅಂತ. ತಕ್ಷಣ ಒಪ್ಪಿದರು. ದೊಡ್ಡ ಕ್ಲಾಸುಗಳಲ್ಲಿ ಟಿಎ (ಪಾಠಕ್ಕೆ ನೆರವಾಗುವ ಸಹಾಯಕರು) ಮತ್ತು ಪ್ರೊಫೆಸರ್ ಸೇರಿ ಬರೆಯುವುದೂ ಹೀಗೇ, ಅದರಲ್ಲಿ ಸಂಕೋಚ ಬೇಡ.

ಇನ್ನು ವೈದ್ಯರ ಪತ್ರ. ನಮ್ಮ ಕನ್ನಡದ ಮನೆಗಳಲ್ಲಿ ಎಲ್ಲರೂ ಎಡವುವುದು ಇಲ್ಲೇ ಅಂತ ನನಗನ್ನಿಸುತ್ತದೆ. "ನಮ್ಮ ಪರಿಚಯದ ಅಂಕಲ್ ದೊಡ್ಡ ಕಾರ್ಡಿಯಾಲಜಿಸ್ಟ್, ಒಂದು ಮಾತು ಹೇಳಿದ್ರೆ ಸಾಕು, ಬರೆದುಕೊಡ್ತಾರೆ" ಅಂತ ಅಪ್ಪನೂ ಹೇಳಿದರು. ಅಂಕಲ್ ಪ್ರೀತಿಯ ಮನುಷ್ಯ, ಖಂಡಿತ ಬರೆಯುತ್ತಿದ್ದರು. ಆದರೆ ಅವರು ನನ್ನನ್ನು ಕಂಡಿದ್ದು ಹಬ್ಬದ ಊಟದಲ್ಲಿ. ಮನೆಯವರ, ಮನೆಗೆ ಬರುವ ಸ್ನೇಹಿತರ ಪತ್ರಕ್ಕೆ ಅಡ್ಮಿಶನ್ ಸಮಿತಿ ಬೆಲೆ ಕೊಡುವುದು ಕಷ್ಟ. ನಾನು ಶ್ಯಾಡೋ ಮಾಡಿದ ಸರ್ಜನ್ ಹೆಸರನ್ನೂ ಅದೇ ಕಾರಣಕ್ಕೆ ಬಿಟ್ಟೆ. ಶ್ಯಾಡೋ ಮಾಡುವಾಗ ನಾನು ಮೂಲೆಯಲ್ಲಿ ನಿಂತು ನೋಡುತ್ತಿದ್ದೆ, ಕೆಲಸ ಮಾಡುತ್ತಿದ್ದವರು ಅವರು. ಅಪ್ಪನಿಗೆ ಇದನ್ನೇ ಹೇಳಿದೆ. "ಸರಿ, ನಿನ್ನಿಷ್ಟ" ಅಂದರು, ಮುಖ ಮಾತ್ರ ಸಪ್ಪಗಾಯಿತು.

ಆ ಜಾಗಕ್ಕೆ ನಾನು ಕೇಳಿದ್ದು ಹಾಸ್ಪಿಸ್‌ನಲ್ಲಿ (ಕೊನೆಗಾಲದ ರೋಗಿಗಳ ಆರೈಕೆ ಕೇಂದ್ರದಲ್ಲಿ) ಸ್ವಯಂಸೇವಕರನ್ನು ನೋಡಿಕೊಳ್ಳುತ್ತಿದ್ದ ಸಂಯೋಜಕಿಯನ್ನು. ಎಂಡಿ ಇಲ್ಲ, ಪಿಎಚ್‌ಡಿ ಇಲ್ಲ. ಅಲ್ಲಿ ಒಬ್ಬ ವೃದ್ಧರಿದ್ದರು, ಕಣ್ಣು ಮಂಜಾಗಿತ್ತು. ಹಿಂದಿನ ರಾತ್ರಿಯ ಬೇಸ್‌ಬಾಲ್ ಸ್ಕೋರನ್ನು ಇನ್ನಿಂಗ್ಸ್ ಇನ್ನಿಂಗ್ಸ್ ಆಗಿ ಓದಿ ಹೇಳಬೇಕಿತ್ತು. ನನಗೆ ಆ ಆಟದ ಗಂಧಗಾಳಿ ಇರಲಿಲ್ಲ, ಅವರಿಗಾಗಿ ಕಲಿತೆ. ಅವರ ಮಗಳು ಬಂದಾಗ ಎದ್ದು ಹೊರಗೆ ಹೋಗಿ, ಅವಳು ಅಳುತ್ತಾ ಹೊರಬಂದಾಗ ಜೊತೆಗೆ ಕೂರುತ್ತಿದ್ದೆ. ಇದನ್ನೆಲ್ಲ ಸಂಯೋಜಕಿ ಕಾರಿಡಾರಿನ ಆ ಕಡೆಯಿಂದ ನೋಡುತ್ತಿದ್ದರಂತೆ. ನಾಳೆ ಡಾಕ್ಟರ್ ಆಗಿ ರೋಗಿಯ ಪಕ್ಕ ಕೂರಬೇಕಾದವಳ ಬಗ್ಗೆ ಇವರಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು?

ಕೇಳುವ ರೀತಿಯೂ ಮುಖ್ಯ. ಸಾಧ್ಯವಾದವರನ್ನೆಲ್ಲ ಎದುರಿಗೇ ಹೋಗಿ ಕೇಳಿದೆ. "ಪತ್ರ ಬರೆದುಕೊಡ್ತೀರಾ" ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. "ನನ್ನ ಬಗ್ಗೆ ಗಟ್ಟಿಯಾಗಿ ಬರೆಯುವಷ್ಟು ನಿಮಗೆ ನನ್ನ ಪರಿಚಯ ಇದೆಯಾ" ಅಂತ ಕೇಳಬೇಕು. ನನ್ನ ಪಟ್ಟಿಯಲ್ಲಿದ್ದ ಇನ್ನೊಬ್ಬ ಪ್ರೊಫೆಸರ್ ಸ್ವಲ್ಪ ತಡೆದು, "ನಿನ್ನ ಪರೀಕ್ಷೆಗಳು ಮಾತ್ರ ನೆನಪಿವೆ" ಅಂದರು. ಮನಸಾರೆ ಥ್ಯಾಂಕ್ಸ್ ಹೇಳಿ ಬಂದೆ. ಅರೆಮನಸ್ಸಿನ ಪತ್ರಕ್ಕಿಂತ ಆ ಪ್ರಾಮಾಣಿಕ ಉತ್ತರ ದೊಡ್ಡ ಉಪಕಾರ.

ಒಪ್ಪಿದವರಿಗೆ ಒಂದೇ ಇಮೇಲಿನಲ್ಲಿ ಎಲ್ಲ ಕಳಿಸಿದೆ: ರೆಸ್ಯೂಮೆ, ಪರ್ಸನಲ್ ಸ್ಟೇಟ್‌ಮೆಂಟಿನ ಕರಡು, ಲೆಟರ್ ಐಡಿ ಇರುವ ಆಮ್‌ಕ್ಯಾಸ್ ಫಾರಂ, ಯಾವಾಗ ಬೇಕು ಅನ್ನುವ ತಾರೀಖು. ಜೊತೆಗೆ ಅರ್ಧ ಪುಟ ನೆನಪುಗಳು, ಅವರವರಿಗೆ ಬೇರೆ ಬೇರೆ. ಕೆಮಿಸ್ಟ್ರಿಯವರಿಗೆ ಆ ಬೋರ್ಡಿನ ದಿನ, ಎಥಿಕ್ಸ್‌ನವರಿಗೆ ಆ ಪ್ರಬಂಧ. ಪತ್ರ ಬರೆಯುವವರಿಗೆ ಎಎಎಂಸಿ ಒಂದು ಮಾರ್ಗದರ್ಶಿ ಮಾಡಿದೆ, ಅದನ್ನೂ ಸೇರಿಸಿದೆ. ಅದರ ಸಾರ ಇಷ್ಟು: ವಿದ್ಯಾರ್ಥಿ ನಿಮಗೆ ಎಷ್ಟು ಕಾಲದಿಂದ, ಯಾವ ಸಂಬಂಧದಲ್ಲಿ ಗೊತ್ತು ಅಂತ ಹೇಳಿ. ಕೋರ್ಸಿನ ವರ್ಣನೆ ಬೇಡ, ವಿದ್ಯಾರ್ಥಿಯ ಬಗ್ಗೆ ಬರೆಯಿರಿ. ಅಂಕಗಳ ಹಿನ್ನೆಲೆ ಹೇಳಬೇಕಿದ್ದರೆ ಮಾತ್ರ ಅಂಕದ ಮಾತು ಎತ್ತಿ. ಹಾಸ್ಪಿಸ್‌ನವರಿಗೆ ಇದು ತುಂಬಾ ಸಹಾಯ ಆಯಿತು. ಅವರು ಹಿಂದೆ ಇಂಥ ಪತ್ರ ಬರೆದಿರಲಿಲ್ಲ. ಲೆಟರ್‌ಹೆಡ್ಡಿನ ಮೇಲೆ ಇರಲಿ, ತಾರೀಖು ಮತ್ತು ಸಹಿ ಇರಲಿ ಅಂತ ಅವರಿಗೆ ಬೇರೆಯಾಗಿ ಹೇಳಿದೆ.

ವಿದ್ಯಾರ್ಥಿಗಳ ದಾಖಲೆಗಳ ಬಗೆಗಿನ 1974ರ ಫೆರ್ಪಾ ಕಾನೂನಿನ ಪ್ರಕಾರ ಪತ್ರ ನೋಡುವ ಹಕ್ಕು ವಿದ್ಯಾರ್ಥಿಗೆ ಇದೆ. ನಾನು ಆ ಹಕ್ಕನ್ನು ಬಿಟ್ಟುಕೊಟ್ಟೆ, ನೀವೂ ಬಿಡಿ. ವಿದ್ಯಾರ್ಥಿ ಓದುವುದಿಲ್ಲ ಅಂತ ಗೊತ್ತಾದರೆ ಬರೆದವರ ಮಾತಿಗೆ ನಂಬಿಕೆ ಜಾಸ್ತಿ.

ಸಮಯದ ಬಗ್ಗೆ ಎರಡು ಮಾತು. ಆಮ್‌ಕ್ಯಾಸ್ ಮೇ ತಿಂಗಳ ಆರಂಭದಲ್ಲಿ ತೆರೆಯುತ್ತದೆ. ಪತ್ರ ಬರದಿದ್ದರೂ ಅರ್ಜಿ ಸಲ್ಲಿಸಬಹುದು, ಅದರ ಪರಿಶೀಲನೆ ಪತ್ರಕ್ಕೆ ಕಾಯುವುದಿಲ್ಲ. ಆದರೆ ಪತ್ರಗಳು ಬರುವ ತನಕ ಸ್ಕೂಲು ಸಾಮಾನ್ಯವಾಗಿ ಫೈಲ್ ಪೂರ್ತಿಯಾಯಿತು ಅನ್ನುವುದಿಲ್ಲ, ಬಹಳ ಕಡೆ ಅರ್ಜಿ ಬಂದ ಬಂದ ಹಾಗೆ ಸಂದರ್ಶನ ಕೊಡುತ್ತಾ ಹೋಗುತ್ತಾರೆ. ಅದಕ್ಕೇ ನಾನು ಚಳಿಗಾಲದಲ್ಲೇ ಕೇಳಿದೆ. ನಿಮ್ಮ ಕಾಲೇಜಿನಲ್ಲಿ ಪ್ರೀಹೆಲ್ತ್ ಸಮಿತಿ ಇದ್ದರೆ ಅವರ ಗಡುವು ಇನ್ನೂ ಮುಂಚೆ ಇರಬಹುದು, ಈಗಲೇ ವಿಚಾರಿಸಿ. ಸಮಿತಿ ಇದ್ದೂ ಅದರ ಪತ್ರ ಇಲ್ಲದಿದ್ದರೆ ಯಾಕೆ ಅಂತ ಕೇಳುವ ಸ್ಕೂಲುಗಳಿವೆ.

ನೀವಿನ್ನೂ ಮೊದಲ ವರ್ಷದಲ್ಲಿದ್ದರೆ ಸಣ್ಣ ಕ್ಲಾಸು ಒಂದನ್ನಾದರೂ ಆರಿಸಿಕೊಳ್ಳಿ, ಆಫೀಸ್ ಅವರ್ಸ್‌ಗೆ ಶುರುವಿನಿಂದಲೇ ಹೋಗಿ. ಓದು ಮುಗಿಸಿ ಒಂದು ವರ್ಷ ಬಿಟ್ಟು ಅರ್ಜಿ ಹಾಕುವವರಾದರೆ, ಪ್ರೊಫೆಸರಿಗೆ ನಿಮ್ಮ ನೆನಪು ಹಸಿಯಾಗಿರುವಾಗಲೇ ಪತ್ರ ಬರೆಸಿ ಇಂಟರ್‌ಫೋಲಿಯೋ ಅನ್ನುವ, ಪತ್ರಗಳನ್ನು ಕಾಪಿಡುವ ಆನ್‌ಲೈನ್ ಸೇವೆಯಲ್ಲಿ ಇಡಿಸಿ. ಅಲ್ಲಿಂದ ಆಮ್‌ಕ್ಯಾಸ್‌ಗೆ ಕಳಿಸಲು ಬರುತ್ತದೆ. ಅರ್ಜಿಯ ವರ್ಷ ಬಂದಾಗ ತಾರೀಖು ಹೊಸದಾಗಿ ಹಾಕಿಸಿಕೊಳ್ಳಲು ಮಾತ್ರ ಅವರಿಗೆ ಇನ್ನೊಮ್ಮೆ ಬರೆಯಿರಿ.