ಸಿಂಪಿಗೆ ಮೊದಲು ಬೇಕಾದದ್ದು ನೆಲ: ಚೆಸಪೀಕ್ ಕೊಲ್ಲಿಯಲ್ಲಿ ಸಿಂಪಿಹಾಸನ್ನು ಮರಳಿ ಕಟ್ಟುವ ಬಗೆ

ಸಿಂಪಿಯ ಸಂತತಿಯನ್ನು ಮರಳಿ ತರಲು ಹೊರಟವರು ಮರಿಗಳನ್ನು ಎಲ್ಲಿಂದ ತರುವುದೆಂದು ಮೊದಲು ಕೇಳುತ್ತಾರೆ. ಅದಕ್ಕಿಂತ ಮುಂಚೆ, ಆ ಮರಿಗಳು ಯಾವುದರ ಮೇಲೆ ಕೂರುತ್ತವೆ ಎಂಬುದನ್ನು ಕೇಳಿಕೊಳ್ಳಬೇಕು. ಸಿಂಪಿಯ ಲಾರ್ವಾ (ಮೊಟ್ಟೆಯಿಂದ ಹೊರಬಂದ ಎಳೆಮರಿ) ಎರಡು ಮೂರು ವಾರ ನೀರಿನಲ್ಲಿ ತೇಲಾಡಿ, ಬಳಿಕ ಗಟ್ಟಿಯಾದ ಯಾವುದಾದರೊಂದಕ್ಕೆ, ಹೆಚ್ಚಾಗಿ ಹಳೆಯ ಸಿಂಪಿಯ ಚಿಪ್ಪಿಗೇ, ಅಂಟಿಕೊಂಡು ಉಳಿದ ಆಯುಷ್ಯವನ್ನೆಲ್ಲ ಅಲ್ಲಿಯೇ ಕಳೆಯುತ್ತದೆ. ಕೆಸರಿಗೆ ಬಿದ್ದದ್ದು ಉಳಿಯುವುದಿಲ್ಲ.

ಅಮೆರಿಕದ ಚೆಸಪೀಕ್ ಕೊಲ್ಲಿ ಕಳೆದುಕೊಂಡದ್ದು ಈ ಗಟ್ಟಿ ನೆಲವನ್ನೇ. 1880ರ ದಶಕದಲ್ಲಿ ಮೇರಿಲ್ಯಾಂಡ್ ರಾಜ್ಯವೊಂದರಲ್ಲೇ ವರ್ಷಕ್ಕೆ ಸುಮಾರು 1.5 ಕೋಟಿ ಬುಷೆಲ್‌ಗಳಷ್ಟು (ಬುಷೆಲ್ ಎಂದರೆ ಒಂದು ದೊಡ್ಡ ಬುಟ್ಟಿಯಷ್ಟು ಅಳತೆ) ಸಿಂಪಿಯನ್ನು ತೆಗೆದದ್ದುಂಟು. ಕಬ್ಬಿಣದ ಹಲ್ಲುಗಳಿದ್ದ ಬಲೆಗಳು ಸಿಂಪಿಹಾಸುಗಳನ್ನು, ಅಂದರೆ ಚಿಪ್ಪಿನ ಮೇಲೆ ಚಿಪ್ಪು ಕೂತು ಎದ್ದ ದಿಬ್ಬಗಳನ್ನು, ಕೆರೆದು ಸಪಾಟು ಮಾಡಿದವು. ಮೇಲೆ ಬಂದ ಚಿಪ್ಪು ನೀರಿಗೆ ಮರಳದೆ ರಸ್ತೆಗೂ ಸುಣ್ಣಕ್ಕೂ ಹೋಯಿತು. (ನಮ್ಮ ಕರಾವಳಿಯಲ್ಲಿ ಚಿಪ್ಪು ಸುಡುವ ಸುಣ್ಣದ ಗೂಡುಗಳನ್ನು ಕಂಡವರಿಗೆ ಇದು ಹೊಸ ಕಥೆಯಲ್ಲ.) 20ನೆಯ ಶತಮಾನದ ನಡುಭಾಗದಿಂದ ಡರ್ಮೊ ಮತ್ತು ಎಂಎಸ್‌ಎಕ್ಸ್ ಎಂಬ ರೋಗಗಳು ಉಳಿದವುಗಳ ಮೇಲೆರಗಿದವು.

ಸಿಂಪಿ ಮರಳಿದರೆ ಆಗುವ ಲಾಭವೆಂದು ಹೇಳುವುದು ನೀರಿನ ಶುದ್ಧಿಯನ್ನು: ಬೆಳೆದ ಸಿಂಪಿಯೊಂದು ಅನುಕೂಲದ ಸ್ಥಿತಿಯಲ್ಲಿ ದಿನಕ್ಕೆ 190 ಲೀಟರ್‌ವರೆಗೆ ನೀರನ್ನು ಸೋಸಬಲ್ಲದು. ಹೊಲಗದ್ದೆಗಳ ಗೊಬ್ಬರ ಹರಿದುಬಂದು ಬೆಳೆಸುವ ಸೂಕ್ಷ್ಮ ಪಾಚಿಯೇ ಅದರ ಆಹಾರ. ಆದರೆ 190 ಎಂಬುದು ಗರಿಷ್ಠ ಲೆಕ್ಕ. ಚಳಿಗಾಲದಲ್ಲಿ ಸಿಂಪಿ ಹೆಚ್ಚುಕಡಿಮೆ ಬಾಯಿ ಮುಚ್ಚಿಕೊಂಡೇ ಇರುತ್ತದೆ. ಆದ್ದರಿಂದ ಈ ಅಂಕಿಯನ್ನು ಕೋಟಿಗಳಿಂದ ಗುಣಿಸಿ ಕೊಲ್ಲಿಯೇ ತಿಳಿಯಾಯಿತೆನ್ನುವ ವರದಿಗಳನ್ನು ಅನುಮಾನದಿಂದಲೇ ಓದಬೇಕು. ನನ್ನ ದೃಷ್ಟಿಯಲ್ಲಿ ಹೆಚ್ಚು ಭರವಸೆಯ ಲಾಭವೆಂದರೆ ಚಿಪ್ಪುಗಳ ಸಂದುಗೊಂದುಗಳಲ್ಲಿ ಏಡಿಗೂ ಸಣ್ಣ ಮೀನಿಗೂ ಸಿಗುವ ಆಸರೆ.

ಮೊದಲ ಕೆಲಸ ಜಾಗದ ಆಯ್ಕೆ, ಅವಸರ ಸಲ್ಲದ ಕೆಲಸವೂ ಇದೇ. ಸೋನಾರ್‌ನಿಂದ (ಶಬ್ದದ ಅಲೆಗಳಿಂದ ತಳವನ್ನು ತೋರುವ ಸಾಧನ) ತಳದ ನಕ್ಷೆ ತೆಗೆದು, ಅಲ್ಲಲ್ಲಿ ತಳವನ್ನು ಮುಟ್ಟಿ ಪರೀಕ್ಷಿಸಿ, ಹಳೆಯ ಹಾಸಿನ ಅವಶೇಷವಿರುವ ಕಡೆಯನ್ನೇ ಆರಿಸಬೇಕು. ನೀರಿನ ಉಪ್ಪಿನಂಶ ಸಾವಿರಕ್ಕೆ 5 ಭಾಗಕ್ಕಿಂತ ಕೆಳಗಿಳಿದು ಬಹಳ ದಿನ ನಿಂತರೆ ಸಿಂಪಿ ಸಾಯುತ್ತದೆ. ಉಪ್ಪು ಹೆಚ್ಚಿದಷ್ಟೂ ಸಂತಾನ ಚೆನ್ನಾಗಿ ಬೆಳೆಯುತ್ತದೆ, ಜೊತೆಗೆ ರೋಗವೂ ಬೆಳೆಯುತ್ತದೆ. ಬೇಸಿಗೆಯಲ್ಲಿ ಆಮ್ಲಜನಕವೇ ಇಲ್ಲದಾಗುವ ಆಳದ ನೀರನ್ನು ಬಿಟ್ಟುಬಿಡಬೇಕು. ಸಿಂಪಿ ತೆಗೆಯುವುದನ್ನು ಕಾನೂನಿನಿಂದ ನಿಷೇಧಿಸಿದ ಜಾಗವಲ್ಲದಿದ್ದರೆ ಮುಂದಿನ ಶ್ರಮವೆಲ್ಲ ಯಾರದೋ ಬುಟ್ಟಿ ಸೇರುತ್ತದೆ.

ಹೋಟೆಲುಗಳಿಂದ ಕೂಡಿಸಿದ ಚಿಪ್ಪನ್ನು ತಂದ ಹಾಗೆಯೇ ನೀರಿಗೆ ಸುರಿಯಬಾರದು. ಅದರಲ್ಲಿ ಉಳಿದ ಮಾಂಸದ ಚೂರುಗಳೊಡನೆ ರೋಗಾಣುಗಳೂ ಬರಬಹುದಾದ್ದರಿಂದ, ಒಂದು ವರ್ಷವಾದರೂ ಬಯಲಿನಲ್ಲಿ ರಾಶಿ ಹಾಕಿ ಬಿಸಿಲು ಮಳೆಗೆ ಒಡ್ಡಬೇಕು. ಚಿಪ್ಪು ಎಂದೂ ಸಾಕಾಗುವುದಿಲ್ಲ. ಕೊಲ್ಲಿಯ ಹ್ಯಾರಿಸ್ ಕ್ರೀಕ್ ಎಂಬ ಕವಲಿನಲ್ಲಿ ಕೆಲವೆಡೆ ಕಲ್ಲು ಹಾಸಿಯೇ ದಿಬ್ಬ ಎಬ್ಬಿಸಿದರು. ಹಾಸು ಸುತ್ತಲಿನ ತಳಕ್ಕಿಂತ ಎತ್ತರದಲ್ಲಿರಬೇಕು, ಇಲ್ಲವಾದರೆ ಹೂಳು ಅದನ್ನು ನುಂಗುತ್ತದೆ.

ಬಿತ್ತನೆಗೆ ಸ್ಥಳೀಯ ತಳಿಯನ್ನೇ ಬಳಸಬೇಕು. ಏಷ್ಯಾದ ಸಿಂಪಿಯೊಂದನ್ನು ಚೆಸಪೀಕ್‌ಗೆ ತರುವ ಪ್ರಸ್ತಾಪವನ್ನು ವರ್ಷಗಟ್ಟಲೆ ಚರ್ಚಿಸಿ 2009ರಲ್ಲಿ ಕೈಬಿಟ್ಟರು. ಮೇರಿಲ್ಯಾಂಡಿನ ಹಾರ್ನ್ ಪಾಯಿಂಟ್ ಹ್ಯಾಚರಿಯಲ್ಲಿ (ಸಿಂಪಿಮರಿ ಮಾಡಿಸುವ ಕೇಂದ್ರ) ನೀರನ್ನು ಬೆಚ್ಚಗೆ ಮಾಡಿ ತಾಯಿಸಿಂಪಿಗಳು ಮೊಟ್ಟೆಯಿಡುವಂತೆ ಮಾಡುತ್ತಾರೆ. ಅಂಟಿಕೊಳ್ಳುವ ಹಂತಕ್ಕೆ ಬಂದ ಲಾರ್ವಾಗಳನ್ನು ತೊಳೆದ ಚಿಪ್ಪು ತುಂಬಿದ ತೊಟ್ಟಿಗಳಿಗೆ ಬಿಟ್ಟರೆ ಕೆಲವೇ ದಿನಗಳಲ್ಲಿ ಅವು ಚಿಪ್ಪು ಹಿಡಿಯುತ್ತವೆ. ಮರಿ ಹತ್ತಿದ ಆ ಚಿಪ್ಪುಗಳನ್ನು ದೋಣಿಯಲ್ಲಿ ಒಯ್ದು ಹಾಸಿನ ಮೇಲೆ ಹರಡುತ್ತಾರೆ. ಹ್ಯಾರಿಸ್ ಕ್ರೀಕ್‌ನ ಸುಮಾರು 350 ಎಕರೆಗೆ ಹೀಗೆ 200 ಕೋಟಿಗೂ ಹೆಚ್ಚು ಮರಿಗಳು ಬೇಕಾದವು.

ನೀರಂಚಿನ ಮನೆಯವರಿಗೂ ಇಲ್ಲಿ ಕೆಲಸವಿದೆ. 2008ರಲ್ಲಿ ಮೇರಿಲ್ಯಾಂಡ್ ಆರಂಭಿಸಿದ ಯೋಜನೆಯಂತೆ, ಮರಿಚಿಪ್ಪು ತುಂಬಿದ ತಂತಿಪಂಜರವನ್ನು ತಮ್ಮ ದೋಣಿಕಟ್ಟೆಯಿಂದ ತಳಕ್ಕೆ ತಾಗದಂತೆ ಇಳಿಬಿಟ್ಟು, ಆಗಾಗ ಮೇಲೆತ್ತಿ ಅಲುಗಾಡಿಸಿ ಕೆಸರು ತೊಳೆಯುತ್ತ, ಮೊದಲ ವರ್ಷ ಸಾಕಿಕೊಡಬಹುದು. ಅವು ಸಿಂಪಿ ತೆಗೆಯುವುದನ್ನು ನಿಷೇಧಿಸಿದ ಹಾಸುಗಳಿಗೆ ಹೋಗುವ ಸಿಂಪಿಗಳು, ತಿನ್ನಲು ಅಲ್ಲ.

ಫಲವನ್ನು ಬಿತ್ತಿದ 3 ವರ್ಷಕ್ಕೆ ಒಂದು ಸಲ, 6 ವರ್ಷಕ್ಕೆ ಇನ್ನೊಂದು ಸಲ ಎಣಿಸಬೇಕು. ಹಾಸಿನ ಕನಿಷ್ಠ 30 ಶೇಕಡಾ ಭಾಗದಲ್ಲಿ ಚದರ ಮೀಟರಿಗೆ 15 ಸಿಂಪಿಗಳಿರುವುದು ಅಲ್ಲಿಯ ಕನಿಷ್ಠ ಅಳತೆ, ಗುರಿ 50. ಎಣಿಸುವಾಗ ಗಾತ್ರವನ್ನೂ ಬರೆದಿಡಬೇಕು: ಎಲ್ಲವೂ ಒಂದೇ ವಯಸ್ಸಿನವಾಗಿದ್ದರೆ ಅವು ನಾವು ಹಾಕಿದವು ಮಾತ್ರ, ಬೇರೆ ವರ್ಷದ ಮರಿಗಳೂ ಕಂಡರೆ ತಾವಾಗಿ ಬಂದು ಕೂತವು ಇವೆ ಎಂದರ್ಥ. ಎಣಿಕೆ ಕಡಿಮೆ ಬಿದ್ದ ಕಡೆ ಇನ್ನೊಮ್ಮೆ ಬಿತ್ತುವ ಮುನ್ನ ತಳಕ್ಕೆ ಹೂಳು ಕೂತಿದೆಯೇ ಎಂದು ನೋಡಬೇಕು. ಕೂತಿದ್ದರೆ ಮರಿಗೆ ಮೊದಲು ಚಿಪ್ಪನ್ನೇ ಹಾಕಬೇಕು.